ಮಗಳು ಆಸ್ಪತ್ರೆ ಆಡಳಿತ ಓದುತ್ತೇನೆ ಅನ್ನುತ್ತಾಳೆ, ಕಳಿಸಲೇ?

ಪ್ರಶ್ನೆ: ನನ್ನ ಮಗಳು ಈ ವರ್ಷ ಎರಡನೇ ಪಿಯುಸಿ ಸೈನ್ಸ್ ಮುಗಿಸಿದಳು. ನೀಟ್ ಬರೆದಿದ್ದಳು, ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಕೋಚಿಂಗ್‌ಗೆ ಕಳಿಸುತ್ತೇವೆ ಅಂದರೆ ಬೇಡ ಅನ್ನುತ್ತಾಳೆ. ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಡಿಗ್ರಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮ್ಮ ಯಜಮಾನರು, ‘ಅದು ರಿಸೆಪ್ಷನ್‌ನಲ್ಲಿ ಕೂತು ಚೀಟಿ ಬರೆಯುವ ಕೆಲಸ, ಅದಕ್ಕೆ ಮೂರು ವರ್ಷ ಓದಬೇಕಾ?’ ಅನ್ನುತ್ತಾರೆ. ಬಿಎಚ್‌ಎ ಅಂತ ಒಂದಿದೆಯಂತೆ, ಬಿಬಿಎ ಅಂತ ಇನ್ನೊಂದಿದೆಯಂತೆ. ಯಾವುದು ಒಳ್ಳೆಯದು? ಡಾಕ್ಟರ್ ಅಲ್ಲದವರಿಗೆ ಆಸ್ಪತ್ರೆಯಲ್ಲಿ ಬೆಲೆ ಇರುತ್ತದಾ? ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಫೀಸಿನ ದುಡ್ಡನ್ನು ಯೋಚನೆ ಮಾಡಿಯೇ ಹಾಕಬೇಕು.
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ನಮಸ್ಕಾರ ಅಮ್ಮ. ನಾನು ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಗಳ ಆಡಳಿತದಲ್ಲೇ ಇದ್ದೇನೆ. ನಾನೂ ಡಾಕ್ಟರ್ ಅಲ್ಲ. ನಿಮ್ಮ ಯಜಮಾನರು ಕೇಳಿದ ಪ್ರಶ್ನೆಯನ್ನೇ ನಮ್ಮ ತಂದೆಯೂ ಕೇಳಿದ್ದರು. ಹಾಗಾಗಿ ನಿಮ್ಮ ಪತ್ರ ಓದಿದ ಕೂಡಲೇ ಉತ್ತರ ಬರೆಯಲು ಕೂತೆ.

ಮೊದಲೇ ಹೇಳಿಬಿಡುತ್ತೇನೆ. ಕಳಿಸಿ. ಆದರೆ ಕಾಲೇಜಿನ ಹೆಸರು ನೋಡಿ ಕಳಿಸಬೇಡಿ. ಆ ಕಾಲೇಜು ಮಕ್ಕಳನ್ನು ಯಾವ ಆಸ್ಪತ್ರೆಗೆ, ಎಷ್ಟು ದಿನ ಕಳಿಸುತ್ತದೆ ಅನ್ನುವುದನ್ನು ನೋಡಿ ಕಳಿಸಿ. ಈ ವಿದ್ಯೆ ಪುಸ್ತಕದಲ್ಲಿ ಇರುವುದು ಕಾಲು ಭಾಗ. ಮುಕ್ಕಾಲು ಭಾಗ ಆಸ್ಪತ್ರೆಯ ಕಾರಿಡಾರಿನಲ್ಲಿದೆ.

ಇನ್ನೊಂದು ಮಾತು. ಮನೆಯಲ್ಲಿ ಯಾರೂ ಇದನ್ನು ‘ನೀಟ್ ಬರಲಿಲ್ಲ, ಅದಕ್ಕೆ ಇದು’ ಅಂತ ಅವಳ ಮುಂದೆ ಹೇಳಬೇಡಿ. ಡಾಕ್ಟರ ಕೆಲಸಕ್ಕೆ ಬೇಕಾದ ಬುದ್ಧಿ ಬೇರೆ, ಈ ಕೆಲಸಕ್ಕೆ ಬೇಕಾದ ಬುದ್ಧಿ ಬೇರೆ. ಡಾಕ್ಟರು ಒಬ್ಬ ರೋಗಿಯನ್ನು ನೋಡುತ್ತಾರೆ. ಆಡಳಿತದವರು ಇನ್ನೂರು ರೋಗಿಗಳ ದಾರಿಯನ್ನು ನೋಡುತ್ತಾರೆ. ಎರಡನೇ ದರ್ಜೆ ಅನ್ನುವ ಭಾವನೆ ಇಟ್ಟುಕೊಂಡು ಬಂದ ಮಕ್ಕಳು ಮೂರು ವರ್ಷವೂ ಹಿಂದಿನ ಬೆಂಚಿನಲ್ಲೇ ಕೂತು ಹೋಗಿದ್ದನ್ನು ನಾನು ನೋಡಿದ್ದೇನೆ.

ಈಗ ಆ ‘ರಿಸೆಪ್ಷನ್’ ಮಾತಿಗೆ ಬರೋಣ. ಈ ಕೆಲಸ ಏನು ಅಂತ ವಿವರಿಸುವುದಕ್ಕಿಂತ ಒಂದು ಘಟನೆ ಹೇಳುತ್ತೇನೆ.

ಹಲವು ವರ್ಷದ ಹಿಂದೆ ನಾನು ಇನ್ನೂರು ಹಾಸಿಗೆಯ ಒಂದು ಆಸ್ಪತ್ರೆಯಲ್ಲಿದ್ದೆ. ಒಂದು ಸಂಜೆ ಐದು ಗಂಟೆಗೆ ಗಂಡಸರ ವಾರ್ಡಿನಲ್ಲಿ ಹೋಗುತ್ತಿದ್ದೆ. ವಯಸ್ಸಾದ ಒಬ್ಬರು ಪಂಚೆ ಉಟ್ಟು, ಶರಟು ಹಾಕಿಕೊಂಡು, ಪಕ್ಕದಲ್ಲಿ ಚೀಲ ಇಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ‘ಯಾಕೆ ಯಜಮಾನ್ರೇ, ಹೊರಟಿದ್ದೀರಾ?’ ಅಂದೆ. ‘ಬೆಳಗ್ಗೆ ಒಂಬತ್ತಕ್ಕೇ ಡಾಕ್ಟ್ರು ಮನೆಗೆ ಹೋಗಪ್ಪ ಅಂದ್ರು. ಆವಾಗಿಂದ ಹಿಂಗೇ ಕೂತಿದೀನಿ. ಊರ ಬಸ್ಸು ನಾಲ್ಕೂವರೆಗೆ ಹೋಯ್ತು’ ಅಂದರು. ಅವರ ಸೊಸೆ ಮಧ್ಯಾಹ್ನದಿಂದ ಬಿಲ್ಲಿಂಗ್ ಕೌಂಟರಿನ ಹತ್ತಿರ ನಿಂತಿದ್ದಳು. ಅದೇ ಹೊತ್ತಿಗೆ ಕೆಳಗೆ ಕ್ಯಾಶುವಾಲ್ಟಿಯಲ್ಲಿ ಇಬ್ಬರು ಹಾಸಿಗೆ ಖಾಲಿಯಾಗಲಿ ಅಂತ ಟ್ರಾಲಿಯ ಮೇಲೆ ಮಲಗಿದ್ದರು.

ಎಂಟು ಗಂಟೆ ಆ ಮನುಷ್ಯ ಯಾಕೆ ಕೂತಿದ್ದರು? ಸಿಸ್ಟರನ್ನು ಕೇಳಿದರೆ ಬಿಲ್ಲಿಂಗ್ ಅಂದರು. ಬಿಲ್ಲಿಂಗ್‌ನವರು ಫಾರ್ಮಸಿ ಅಂದರು. ಫಾರ್ಮಸಿಯವರು ವಾರ್ಡಿನಿಂದ ಬಂದೇ ಇಲ್ಲ ಅಂದರು. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು. ಯಾರ ಹತ್ತಿರವೂ ಪೂರ್ತಿ ನಿಜ ಇರಲಿಲ್ಲ.

ಆಗ ನಮ್ಮಲ್ಲಿ ಡಿಗ್ರಿ ಕೊನೆಯ ವರ್ಷದ ಒಬ್ಬ ಹುಡುಗಿ ಟ್ರೈನಿಂಗ್‌ಗೆ ಬಂದಿದ್ದಳು. ಅವಳಿಗೆ ಒಂದು ನೋಟ್‌ಬುಕ್ ಕೊಟ್ಟು, ‘ನಾಳೆಯಿಂದ ಹತ್ತು ದಿನ ನೀನು ಮನುಷ್ಯರ ಹಿಂದೆ ಹೋಗಬೇಡ, ಫೈಲಿನ ಹಿಂದೆ ಹೋಗು. ಫೈಲು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲು, ಟೈಮ್ ಬರೆದುಕೋ’ ಅಂದೆ. ಅವಳು ಹಾಗೇ ಮಾಡಿದಳು. ಡಾಕ್ಟರು ರೌಂಡ್ಸ್‌ನಲ್ಲಿ ‘ಡಿಸ್ಚಾರ್ಜ್’ ಅಂತ ಬರೆದ ನಿಮಿಷ, ಚಿಕಿತ್ಸೆಯ ಸಾರಾಂಶ ಬರೆದ ಡಿಸ್ಚಾರ್ಜ್ ಸಮರಿ ಟೈಪಾದ ನಿಮಿಷ, ಅದಕ್ಕೆ ಡಾಕ್ಟರ ಸಹಿ ಬಿದ್ದ ನಿಮಿಷ, ಮಿಕ್ಕ ಔಷಧಿ ಫಾರ್ಮಸಿಗೆ ವಾಪಸ್ ಹೋದ ನಿಮಿಷ, ಲ್ಯಾಬಿನ ಬಾಕಿ ಸೇರಿದ ನಿಮಿಷ, ಇನ್ಶೂರೆನ್ಸ್ ಇದ್ದವರಿಗೆ ಕೊನೆಯ ಒಪ್ಪಿಗೆ ಬಂದ ನಿಮಿಷ, ಬಿಲ್ಲು ಕಟ್ಟಿ ಗೇಟ್ ಪಾಸ್ ಸಿಕ್ಕ ನಿಮಿಷ. ಎಲ್ಲವನ್ನೂ ಬರೆದಳು.

ನಾವೆಲ್ಲ ಸಮರಿ ಟೈಪಿಂಗೇ ತಡ ಅಂದುಕೊಂಡಿದ್ದೆವು. ನೋಟ್‌ಬುಕ್ ನೋಡಿದರೆ ಜಾಸ್ತಿ ಹೊತ್ತು ಹೋಗುತ್ತಿದ್ದುದು ಔಷಧಿ ವಾಪಸ್ ಮಾಡುವುದಕ್ಕೆ. ರೋಗಿಗೆ ತರಿಸಿ ಬಳಸದೇ ಉಳಿದ ಇಂಜೆಕ್ಷನ್, ಸೆಲೈನ್ ಬಾಟಲಿಗಳನ್ನು ಫಾರ್ಮಸಿಗೆ ಹಿಂದಿರುಗಿಸಿ ಬಿಲ್ಲಿನಿಂದ ಕಳೆಯಬೇಕು. ಫಾರ್ಮಸಿ ಇದ್ದದ್ದು ನೆಲಮಹಡಿಯಲ್ಲಿ, ವಾರ್ಡ್ ಮೂರನೇ ಮಹಡಿಯಲ್ಲಿ. ವಾರ್ಡ್ ಬಾಯ್ ಒಬ್ಬನೇ. ಒಬ್ಬೊಬ್ಬರದ್ದಕ್ಕೂ ಇಳಿದು ಹತ್ತುವ ಬದಲು ನಾಲ್ಕೈದು ರೋಗಿಗಳದ್ದು ಸೇರಲಿ ಅಂತ ಕಾಯುತ್ತಿದ್ದ. ಅವನ ಕಡೆಯಿಂದ ನೋಡಿದರೆ ಅದು ಸರಿಯೇ. ಆದರೆ ಮೊದಲನೆಯವರು ಐದನೆಯವರಿಗಾಗಿ ಕಾಯಬೇಕಾಗಿತ್ತು.

ನಾವು ಮಾಡಿದ್ದು ಇಷ್ಟೇ. ನಾಳೆ ಯಾರು ಹೊರಡಬಹುದು ಅನ್ನುವ ಪಟ್ಟಿಯನ್ನು ಇವತ್ತು ಸಂಜೆ ಆರಕ್ಕೇ ಡ್ಯೂಟಿ ಡಾಕ್ಟರಿಂದ ಪಡೆದೆವು. ಅವರ ಮಿಕ್ಕ ಔಷಧಿ ರಾತ್ರಿಯೇ ಕೆಳಗೆ ಹೋಯಿತು. ಸಮರಿಯ ಕರಡು ರಾತ್ರಿ ಪಾಳಿಯಲ್ಲೇ ಟೈಪಾಯಿತು. ಒಂದು ಪೈಸೆ ಖರ್ಚಾಗಲಿಲ್ಲ, ಹೊಸ ಜನರನ್ನು ತೆಗೆದುಕೊಳ್ಳಲಿಲ್ಲ. ಕೆಲವು ವಾರದಲ್ಲಿ ಹೆಚ್ಚಿನವರು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಹೊರಡುವಂತಾಯಿತು. ಆ ಹುಡುಗಿಗೆ ಆಗ ಇಪ್ಪತ್ತೊಂದು ವರ್ಷ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ, ದಯವಿಟ್ಟು. ಇದು ಚೀಟಿ ಬರೆಯುವ ಕೆಲಸ ಅಲ್ಲ ಅಂತ ಅವರಿಗೇ ಅನ್ನಿಸುತ್ತದೆ. ನಿಮಗಂತೂ ಬೇಗ ಗೊತ್ತಾಗುತ್ತದೆ. ಬ್ಲೌಸ್ ಪೂರ್ತಿ ಹೊಲಿದಾಗಿದ್ದರೂ ಹುಕ್ ತರಲು ಹೋದವರು ಬರದಿದ್ದರೆ ಗಿರಾಕಿಯ ಕೈಗೆ ಕೊಡಲು ಆಗುವುದಿಲ್ಲ, ಅಲ್ವಾ?

ಇದರಲ್ಲಿ ಲೆಕ್ಕವೂ ಇದೆ. ಒಂದು ಹಾಸಿಗೆ ಒಂದು ದಿನ ಅಂದರೆ ಒಂದು ಹಾಸಿಗೆ-ದಿನ. ನೂರು ಹಾಸಿಗೆಯ ಆಸ್ಪತ್ರೆಗೆ ತಿಂಗಳಿಗೆ 3,000 ಹಾಸಿಗೆ-ದಿನ ಅಂತ ಇಟ್ಟುಕೊಳ್ಳಿ. ಅದರಲ್ಲಿ 2,400 ತುಂಬಿದ್ದರೆ ಶೇ 80. ಆ ತಿಂಗಳು 480 ಜನ ಡಿಸ್ಚಾರ್ಜ್ ಆದರು ಅಂದರೆ ಒಬ್ಬರು ಸರಾಸರಿ 5 ದಿನ ಇದ್ದರು ಅಂತ ಅರ್ಥ. ಸುಮ್ನೆ ಕಾಯುವ ಹೊತ್ತನ್ನೆಲ್ಲ ತೆಗೆದು ಅದನ್ನು ನಾಲ್ಕೂವರೆ ದಿನಕ್ಕೆ ಇಳಿಸಿದರೆ ಅದೇ 2,400 ಹಾಸಿಗೆ-ದಿನದಲ್ಲಿ 533 ಜನಕ್ಕೆ ಚಿಕಿತ್ಸೆ ಸಿಗುತ್ತದೆ. ಅದೇ ಕಟ್ಟಡ, ಅದೇ ಸಿಸ್ಟರ್‌ಗಳು, 53 ಜನ ಜಾಸ್ತಿ. ನಿಮ್ಮ ಮಗಳು ಓದುವ ಪುಸ್ತಕದಲ್ಲಿ ಇದಕ್ಕೆ ‘ಆವರೇಜ್ ಲೆಂತ್ ಆಫ್ ಸ್ಟೇ’, ‘ಬೆಡ್ ಆಕ್ಯುಪೆನ್ಸಿ’ ಅಂತೆಲ್ಲ ಹೆಸರಿರುತ್ತದೆ. ಸೂತ್ರ ಬಾಯಿಪಾಠ ಮಾಡುವುದು ಸುಲಭ. ಆ ಅರ್ಧ ದಿನ ಎಲ್ಲಿ ಅಡಗಿದೆ ಅಂತ ಹುಡುಕುವುದೇ ಕಷ್ಟ. ಆದರೆ ರೋಗಿಗೆ ಇನ್ನೂ ಆರೈಕೆ ಬೇಕಿರುವಾಗ ಹಾಸಿಗೆ ಖಾಲಿ ಮಾಡಿಸುವುದು ಆಡಳಿತ ಅಲ್ಲ, ಅನ್ಯಾಯ. ಆ ಗೆರೆ ಎಲ್ಲಿದೆ ಅಂತ ಡಾಕ್ಟರೇ ಹೇಳಬೇಕು. ನಮ್ಮ ಕೆಲಸ ಉಳಿದ ಅಡ್ಡಿಗಳನ್ನು ತೆಗೆಯುವುದು.

ಆಡಳಿತ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ. 2021ರ ಮೇ ತಿಂಗಳ ಮೊದಲ ವಾರ, ಕೋವಿಡ್ ಹೊತ್ತು, ಚಾಮರಾಜನಗರದ ಜಿಲ್ಲಾ ಆಸ್ಪತ್ರೆ. ಒಂದೇ ದಿನದೊಳಗೆ 24 ಮಂದಿ ಸತ್ತರು ಅಂತ ಮೊದಲು ಸುದ್ದಿ ಬಂತು. ಆಮೇಲೆ ಆ ಲೆಕ್ಕ ಇನ್ನೂ ಮೇಲೆ ಹೋಯಿತು. ಅಂದು ಎಲ್ಲರ ಬಾಯಲ್ಲಿ ಇದ್ದದ್ದು ಆಕ್ಸಿಜನ್. ಅಲ್ಲಿ ಡಾಕ್ಟರಿದ್ದರು, ಸಿಸ್ಟರ್‌ಗಳಿದ್ದರು. ಸಿಲಿಂಡರ್ ಸಮಯಕ್ಕೆ ಬರಲಿಲ್ಲ. ಎಷ್ಟು ಸಿಲಿಂಡರ್ ಉಳಿದಿದೆ, ಗಂಟೆಗೆ ಎಷ್ಟು ಖರ್ಚಾಗುತ್ತಿದೆ, ಮುಂದಿನ ಗಾಡಿ ಎಲ್ಲಿದೆ, ಎಷ್ಟು ಉಳಿದಾಗ ಯಾರಿಗೆ ಫೋನ್ ಮಾಡಬೇಕು. ಈ ನಾಲ್ಕು ಪ್ರಶ್ನೆ ವೈದ್ಯಶಾಸ್ತ್ರದ್ದಲ್ಲ, ಸ್ಟೋರ್ಸ್‌ನದ್ದು, ಅಂದರೆ ಸಾಮಾನಿನ ದಾಸ್ತಾನಿನದ್ದು. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಸ್ಟೋರ್ಸ್ ಪಾಠ ಮಾಡುವಾಗೆಲ್ಲ ನಾನು ಆ ರಾತ್ರಿಯಿಂದಲೇ ಶುರು ಮಾಡುತ್ತೇನೆ. ಕ್ಲಾಸಿನಲ್ಲಿ ಯಾರೂ ಮಾತಾಡುವುದಿಲ್ಲ.

ಒಳ್ಳೆಯ ಉದಾಹರಣೆಯೂ ಇದೆ. ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಯಿಂದ ಅದನ್ನು ಶುರು ಮಾಡಿದರು. ಅಲ್ಲಿ ಒಬ್ಬ ಸರ್ಜನ್ನಿಗೆ ಎರಡು ಆಪರೇಷನ್ ಟೇಬಲ್. ಒಂದರಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ಪಕ್ಕದ ಟೇಬಲ್ಲಿನಲ್ಲಿ ಮುಂದಿನ ರೋಗಿ ಸಿದ್ಧ. ಸರ್ಜನ್ ಆ ಕಡೆಯಿಂದ ಈ ಕಡೆಗೆ ತಿರುಗಿದರೆ ಸಾಕು. ತಯಾರಿ, ತಪಾಸಣೆ, ಆರೈಕೆ ಎಲ್ಲ ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳ ಕೈಯಲ್ಲಿ. ಹಾಗೆ ಉಳಿದ ಹೊತ್ತಿನಿಂದಲೇ ಅವರು ಅಷ್ಟೊಂದು ಬಡವರಿಗೆ ದುಡ್ಡಿಲ್ಲದೆ, ಇಲ್ಲವೇ ತೀರಾ ಕಡಿಮೆ ದುಡ್ಡಿಗೆ ಕಣ್ಣು ಕೊಡಲು ಆಗಿದ್ದು. ಸರ್ಜನ್ನಿನ ಕೈ ಎಷ್ಟು ಮುಖ್ಯವೋ, ಆ ಕೈ ಒಂದು ನಿಮಿಷವೂ ಸುಮ್ಮನೆ ಕಾಯದಂತೆ ಮಾಡಿದ ವ್ಯವಸ್ಥೆಯೂ ಅಷ್ಟೇ ಮುಖ್ಯ.

ಸರಿ, ಈಗ ಬಿಎಚ್‌ಎ, ಬಿಬಿಎ ವಿಷಯ.

ಬಿಎಚ್‌ಎ ಅಂದರೆ ಬ್ಯಾಚುಲರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್. ಪೂರ್ತಿ ಆಸ್ಪತ್ರೆಯ ಸುತ್ತಲೇ ಇರುವ ಡಿಗ್ರಿ. ಬಿಬಿಎ ಅಂದರೆ ಮೂಲದಲ್ಲಿ ಬಿಸಿನೆಸ್ ಡಿಗ್ರಿ. ಅದರೊಳಗೆ ಹಾಸ್ಪಿಟಲ್ ಅಥವಾ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಅನ್ನುವ ವಿಭಾಗ ಇರುತ್ತದೆ. ಎರಡಕ್ಕೂ ನೀಟ್ ಬೇಡ. ಬಹಳಷ್ಟು ಕಾಲೇಜುಗಳು ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದನ್ನು ಓದಿದವರನ್ನೂ ತೆಗೆದುಕೊಳ್ಳುತ್ತವೆ. ನಿಮ್ಮ ಮಗಳು ಸೈನ್ಸ್ ಓದಿರುವುದರಿಂದ ದೇಹರಚನೆ, ರೋಗಗಳ ಹೆಸರು, ಲ್ಯಾಬಿನ ಮಾತು ಬೇಗ ಹಿಡಿಸುತ್ತದೆ. ಅಕೌಂಟ್ಸ್ ಮಾತ್ರ ಮೊದಲ ವರ್ಷ ಸ್ವಲ್ಪ ತೊಡಕು ಕೊಡುತ್ತದೆ. ಹೆದರಬೇಡಿ ಅನ್ನಿ, ಜಮೆ-ಖರ್ಚು ಅರ್ಥವಾದರೆ ಮುಗಿಯಿತು.

ಯಾವುದು ಒಳ್ಳೆಯದು? ಅವಳಿಗೆ ಆಸ್ಪತ್ರೆಯಲ್ಲೇ ಇರಬೇಕು ಅನ್ನುವ ಮನಸ್ಸು ಗಟ್ಟಿಯಾಗಿದ್ದರೆ ಬಿಎಚ್‌ಎ. ಸ್ವಲ್ಪ ಅನುಮಾನ ಇದ್ದರೆ, ಮುಂದೆ ಬ್ಯಾಂಕು, ಇನ್ಶೂರೆನ್ಸ್, ಬೇರೆ ಕಂಪನಿ ಅಂತ ಬಾಗಿಲು ತೆರೆದಿರಬೇಕು ಅನ್ನಿಸಿದರೆ ಬಿಬಿಎ. ಆದರೆ ಈ ಎರಡರ ನಡುವಿನ ವ್ಯತ್ಯಾಸಕ್ಕಿಂತ ಒಳ್ಳೆಯ ಕಾಲೇಜಿಗೂ ಕೆಟ್ಟ ಕಾಲೇಜಿಗೂ ಇರುವ ವ್ಯತ್ಯಾಸ ದೊಡ್ಡದು. ನಾನು ಕೆಲಸಕ್ಕೆ ತೆಗೆದುಕೊಳ್ಳುವಾಗ ಡಿಗ್ರಿಯ ಹೆಸರನ್ನು ಒಂದು ಸಲ ನೋಡುತ್ತೇನೆ. ಟ್ರೈನಿಂಗ್ ಎಲ್ಲಿ ಆಯಿತು, ಅಲ್ಲಿ ಏನು ಮಾಡಿದೆ ಅಂತ ಹತ್ತು ಸಲ ಕೇಳುತ್ತೇನೆ.

ಸೇರಿಸುವ ಮುಂಚೆ ಒಂದೆರಡು ನಿಯಮ ಗೊತ್ತಿರಲಿ. 2024-25ರಿಂದ ಬಿಬಿಎ ಕೋರ್ಸುಗಳು ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ವ್ಯಾಪ್ತಿಗೆ ಬಂದಿವೆ. ಆ ಕಾಲೇಜಿಗೆ ಈ ವರ್ಷದ ಒಪ್ಪಿಗೆ ಇದೆಯಾ ಅಂತ ಕೇಳಿ, ಎಐಸಿಟಿಇ ವೆಬ್‌ಸೈಟಿನಲ್ಲೂ ನೋಡಿಸಿ. ಬಿಎಚ್‌ಎ ಆದರೆ ಯಾವ ವಿಶ್ವವಿದ್ಯಾಲಯದ ಡಿಗ್ರಿ ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ಪಡೆಯಿರಿ. ‘ನಮ್ಮದೇ ಡಿಪ್ಲೊಮಾ, ಡಿಗ್ರಿಗೆ ಸಮ’ ಅಂದರೆ ಎದ್ದು ಬನ್ನಿ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಡುವೆ ನಾಲ್ಕು ವರ್ಷದ ಪದ್ಧತಿ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೇರೆ ಇರಬಹುದು. ಒಟ್ಟು ಎಷ್ಟು ವರ್ಷ ಅಂತ ಮೊದಲೇ ಕೇಳಿ, ಯಾಕೆಂದರೆ ಒಂದು ವರ್ಷ ಜಾಸ್ತಿ ಅಂದರೆ ಒಂದು ವರ್ಷದ ಫೀಸು, ಹಾಸ್ಟೆಲ್ ಜಾಸ್ತಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಈಗಲೇ ತೆಗೆದಿಟ್ಟುಕೊಳ್ಳಿ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡಿಸೋಣ, ಖರ್ಚು ಕಡಿಮೆ ಅಂತ ಯಾರಾದರೂ ಹೇಳಿದರೆ ಈ ಕೋರ್ಸಿಗೆ ಅದು ಬೇಡ. ಈಜು ಕಲಿಯಲು ಕೆರೆಗೆ ಇಳಿಯಲೇಬೇಕು.

ಕಾಲೇಜಿಗೆ ಹೋದಾಗ ಕಟ್ಟಡ ತೋರಿಸುತ್ತಾರೆ, ಎಸಿ ಕ್ಲಾಸ್‌ರೂಮು ತೋರಿಸುತ್ತಾರೆ. ನೋಡಿ, ಆದರೆ ಮಗಳಿಂದಲೇ ಈ ಪ್ರಶ್ನೆ ಕೇಳಿಸಿ. ಟ್ರೈನಿಂಗ್ ಯಾವ ಆಸ್ಪತ್ರೆಯಲ್ಲಿ? ಎಷ್ಟು ಹಾಸಿಗೆ? ನಿಮ್ಮದೇ ಆಸ್ಪತ್ರೆಯಾ, ಇಲ್ಲ ಒಪ್ಪಂದವಾ? ಒಪ್ಪಂದವಾದರೆ ಕಾಗದ ತೋರಿಸುತ್ತೀರಾ? ಯಾವ ಸೆಮಿಸ್ಟರಿನಿಂದ ಕಳಿಸುತ್ತೀರಿ? ಕೊನೆಯಲ್ಲಿ ಒಂದು ತಿಂಗಳು ಕಳಿಸಿ ಸರ್ಟಿಫಿಕೇಟ್ ಕೊಡುವುದು ಟ್ರೈನಿಂಗ್ ಅಲ್ಲ. ಒಂದೊಂದು ವಿಭಾಗದಲ್ಲೂ ವಾರಗಟ್ಟಲೆ ಕೂರಿಸಬೇಕು. ಒಪಿಡಿ, ವಾರ್ಡ್, ಕ್ಯಾಶುವಾಲ್ಟಿ, ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್, ಸ್ಟೋರ್ಸ್, ಫಾರ್ಮಸಿ, ಮೆಡಿಕಲ್ ರೆಕಾರ್ಡ್ಸ್, ಲಾಂಡ್ರಿ, ಅಡುಗೆಮನೆ, ಹೌಸ್‌ಕೀಪಿಂಗ್. ಉಪಕರಣಗಳನ್ನು ಸ್ಟೆರಿಲೈಸ್ ಮಾಡುವ ಸಿಎಸ್‌ಎಸ್‌ಡಿ ಅಂತ ಒಂದು ವಿಭಾಗ ಇರುತ್ತದೆ, ಅದನ್ನಂತೂ ನೋಡಲೇಬೇಕು. ಪಾಠ ಮಾಡುವವರಲ್ಲಿ ಆಸ್ಪತ್ರೆಯಲ್ಲಿ ನಿಜವಾಗಿ ಕೆಲಸ ಮಾಡಿದವರು ಎಷ್ಟು ಜನ ಅಂತಲೂ ಕೇಳಲಿ.

ಇನ್ನೂ ಒಂದು ಉಪಾಯ ಹೇಳುತ್ತೇನೆ. ಅದೇ ಕಾಲೇಜಿನ ಕೊನೆಯ ವರ್ಷದ ಮಕ್ಕಳನ್ನು ಕ್ಯಾಂಟೀನಿನ ಹತ್ತಿರ ಮಾತಾಡಿಸಿ. ‘ಬಳಸಿದ ಐವಿ ಸೆಟ್ಟು, ಅಂದರೆ ಸೆಲೈನ್ ಕೊಡುವ ಕೊಳವೆ, ಯಾವ ಬಣ್ಣದ ಚೀಲಕ್ಕೆ ಹೋಗುತ್ತದೆ?’ ಅಂತ ಕೇಳಿ. ವಾರ್ಡಿನಲ್ಲಿ ನಿಂತವರು ಯೋಚಿಸದೆ ‘ಕೆಂಪು’ ಅನ್ನುತ್ತಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಲ್ಲಿ ರಕ್ತ ಹತ್ತಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ಕೊಳವೆಗಳು ಕೆಂಪಿಗೆ, ಸೂಜಿಗಳು ಚುಚ್ಚಿ ಹೊರಬರಲಾಗದಂಥ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಸೂಜಿ ತಪ್ಪಾಗಿ ಹಳದಿ ಚೀಲಕ್ಕೆ ಬಿದ್ದರೆ ಚುಚ್ಚುವುದು ಮಾರನೆಯ ಬೆಳಗ್ಗೆ ಆ ಚೀಲ ಎತ್ತುವ ಹೆಂಗಸಿನ ಕೈಗೆ. ಮೂರನೇ ವರ್ಷದ ಮಕ್ಕಳು ಇದಕ್ಕೆ ತಡಬಡಾಯಿಸಿದರೆ ಅಲ್ಲಿ ಟ್ರೈನಿಂಗ್ ಕಾಗದದ ಮೇಲೆ ಮಾತ್ರ ನಡೆಯುತ್ತಿದೆ ಅಂತ ತಿಳಿಯಿರಿ.

ಕೆಲಸ ಸಿಗುತ್ತದಾ ಅಂತ ನೀವು ನೇರವಾಗಿ ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಇದೆ. ಸಿಗುತ್ತದೆ. ಕಾರಣವೂ ಇದೆ. ಮುಂಚೆ ರೋಗಿ ಬಂದರು, ದುಡ್ಡು ಕಟ್ಟಿದರು, ಹೋದರು. ಈಗ ದುಡ್ಡು ಕಟ್ಟುವವರು ಬೇರೆ. 2003ರಲ್ಲಿ ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಆಮೇಲೆ ವಾಜಪೇಯಿ ಆರೋಗ್ಯಶ್ರೀ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದು ನಮ್ಮ ಆರೋಗ್ಯ ಕರ್ನಾಟಕದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಜೊತೆಗೆ ಖಾಸಗಿ ಇನ್ಶೂರೆನ್ಸ್ ಕಂಪನಿಗಳು. ಒಂದೊಂದಕ್ಕೂ ಬೇರೆ ಪ್ಯಾಕೇಜ್, ಬೇರೆ ಕೋಡ್, ಬೇರೆ ದಾಖಲೆ. ಒಂದು ಎಕ್ಸ್‌ರೇ ಅಪ್‌ಲೋಡ್ ಆಗದಿದ್ದರೆ ಕ್ಲೇಮು ವಾಪಸ್. ಆಸ್ಪತ್ರೆಗೆ ದುಡ್ಡು ಬರುವುದಿಲ್ಲ. ಇದನ್ನೆಲ್ಲ ಅರಿತು, ಡಾಕ್ಟರ ಟಿಪ್ಪಣಿ ಓದಿ ಅರ್ಥ ಮಾಡಿಕೊಂಡು, ಸರಿಯಾಗಿ ಕಳಿಸುವವರು ಬೇಕು.

2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಒಂದು ಸುತ್ತೋಲೆ ಹೊರಡಿಸಿತು. ರೋಗಿ ಕೈಯಿಂದ ದುಡ್ಡು ಕಟ್ಟದ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಹೊತ್ತಿನ ಕೊನೆಯ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಅಂತ. ಆದರೆ ಆ ಗಡಿಯಾರ ಶುರುವಾಗುವುದು ಆಸ್ಪತ್ರೆಯಿಂದ ಕೋರಿಕೆ ಹೋದ ಮೇಲೆ. ನಮ್ಮ ಕಡೆಯಿಂದಲೇ ಎರಡು ಗಂಟೆ ತಡವಾದರೆ ಆ ನಿಯಮ ರೋಗಿಯ ಉಪಯೋಗಕ್ಕೆ ಬರುವುದಿಲ್ಲ. ಆ ಎರಡು ಗಂಟೆ ಉಳಿಸುವುದು ನಿಮ್ಮ ಮಗಳಂಥವರ ಕೈಯಲ್ಲಿದೆ.

ಇನ್ನೊಂದು ದೊಡ್ಡ ದಾರಿ ಗುಣಮಟ್ಟದ್ದು. ಎನ್‌ಎಬಿಎಚ್ ಅಂತ ಒಂದು ಮಾನ್ಯತೆ ಇದೆ, ಆಸ್ಪತ್ರೆಗಳ ಬೋರ್ಡಿನ ಮೇಲೆ ನೀವು ನೋಡಿರುತ್ತೀರಿ. ಅದನ್ನು ಪಡೆಯಲು, ಉಳಿಸಿಕೊಳ್ಳಲು ದಿನವೂ ಲೆಕ್ಕ ಇಡಬೇಕು. ಎಷ್ಟು ರೋಗಿಗಳು ಬಿದ್ದರು, ಎಷ್ಟು ಜನಕ್ಕೆ ಔಷಧಿ ತಪ್ಪಾಯಿತು, ಎಷ್ಟು ಗಾಯ ಸೋಂಕಾಯಿತು. ತಪ್ಪನ್ನು ಮುಚ್ಚಿಡದೆ ಬರೆಯುವಂತೆ ಸಿಬ್ಬಂದಿಗೆ ಧೈರ್ಯ ಕೊಡುವುದೇ ಇಲ್ಲಿ ದೊಡ್ಡ ಕೆಲಸ. ಸೂಕ್ಷ್ಮ ಮನಸ್ಸಿನ ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮೆಡಿಕಲ್ ರೆಕಾರ್ಡ್ಸ್, ರೋಗ-ಚಿಕಿತ್ಸೆಗೆ ಸಂಕೇತ ಕೊಡುವ ಕೋಡಿಂಗ್ ಕಡೆಗೂ ಹೋಗಬಹುದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದ ಮೇಲೆ, ಆಭಾ ಅನ್ನುವ ಆರೋಗ್ಯ ಗುರುತಿನ ನಂಬರಿನ ಮೂಲಕ ದಾಖಲೆಗಳು ಒಂದಕ್ಕೊಂದು ಜೋಡಣೆಯಾಗುತ್ತಿರುವುದರಿಂದ, ಆ ಕೆಲಸದ ತೂಕ ಬೆಳೆಯುತ್ತಿದೆ.

ಸಂಬಳದ ವಿಷಯದಲ್ಲಿ ನಿಮಗೆ ಬಣ್ಣದ ಮಾತು ಹೇಳಲಾರೆ. ಡಿಗ್ರಿ ಮುಗಿಸಿ ಸೇರಿದಾಗ ಸಂಬಳ ಸಾಧಾರಣ. ಬಿಕಾಂ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಹುದ್ದೆಯ ಹೆಸರು ಎಕ್ಸಿಕ್ಯುಟಿವ್, ಕೋಆರ್ಡಿನೇಟರ್ ಅಂತ ಇರುತ್ತದೆ. ಹೌದು, ಕೆಲವು ತಿಂಗಳು ಫ್ರಂಟ್ ಆಫೀಸಿನಲ್ಲೂ ಕೂರಿಸಬಹುದು. ಅದನ್ನು ಅವಮಾನ ಅಂದುಕೊಳ್ಳಬಾರದು. ನೋವಿನಲ್ಲಿ ಬಂದ ಜನರ ಮುಖ ನೋಡದೆ ಆಸ್ಪತ್ರೆ ನಡೆಸಲು ಯಾರಿಗೂ ಬರುವುದಿಲ್ಲ. ಪಾಳಿ ಇರುತ್ತದೆ, ಹಬ್ಬದ ದಿನವೂ ಡ್ಯೂಟಿ ಬೀಳುತ್ತದೆ. ಎರಡು ಮೂರು ವರ್ಷ ನಿಂತು ಒಂದು ವಿಭಾಗವನ್ನು ಬಿಗಿಯಾಗಿ ಹಿಡಿದವರು ಮೇಲೆ ಹೋಗುತ್ತಾರೆ. ಆರು ತಿಂಗಳಿಗೊಂದು ಆಸ್ಪತ್ರೆ ಬದಲಿಸಿದವರು ಅಲ್ಲಲ್ಲೇ ಇರುತ್ತಾರೆ.

ಮೇಲಿನ ಹುದ್ದೆಗಳಿಗೆ ಸ್ನಾತಕೋತ್ತರ ಪದವಿ ಬೇಕಾಗುತ್ತದೆ, ಇದನ್ನು ಈಗಲೇ ತಿಳಿದಿರಿ. ಎಂಎಚ್‌ಎ (ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್) ಅಥವಾ ಆಸ್ಪತ್ರೆ ಆಡಳಿತದ ಎಂಬಿಎ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಜೈಪುರ ಮತ್ತು ಬೆಂಗಳೂರಿನ ಐಐಎಚ್‌ಎಂಆರ್, ನಮ್ಮ ಮಣಿಪಾಲ, ಇವೆಲ್ಲ ಈ ಕ್ಷೇತ್ರದಲ್ಲಿ ಹೆಸರಾದವು. ಅಲ್ಲಿ ಎಂಬಿಬಿಎಸ್, ಬಿಡಿಎಸ್, ನರ್ಸಿಂಗ್ ಓದಿ ಬಂದವರೂ ಪಕ್ಕದಲ್ಲಿ ಕೂತಿರುತ್ತಾರೆ. ನನ್ನ ಸಲಹೆ ಕೇಳಿದರೆ, ಡಿಗ್ರಿ ಆದ ಕೂಡಲೇ ಹೋಗುವುದು ಬೇಡ. ಎರಡು ವರ್ಷ ಕೆಲಸ ಮಾಡಿ, ಸ್ವಲ್ಪ ದುಡ್ಡು ಕೂಡಿಟ್ಟು, ತನಗೆ ಯಾವ ವಿಭಾಗ ಇಷ್ಟ ಅಂತ ಗೊತ್ತಾದ ಮೇಲೆ ಹೋಗಲಿ. ಮನೆಯ ಮೇಲೂ ಭಾರ ಬೀಳುವುದಿಲ್ಲ.

ಸರ್ಕಾರಿ ಕೆಲಸದ ಬಗ್ಗೆ ಒಂದೇ ಮಾತು. ಸರ್ಕಾರಿ ಆಸ್ಪತ್ರೆಯ ಮುಖ್ಯಸ್ಥರು ಡಾಕ್ಟರೇ ಆಗಿರುತ್ತಾರೆ. ಡಾಕ್ಟರ್ ಅಲ್ಲದವರಿಗೆ ಯೋಜನೆಗಳಲ್ಲಿ, ಯೋಜನೆಯ ರೋಗಿಗಳಿಗೆ ಆಸ್ಪತ್ರೆಯಲ್ಲಿ ನೆರವಾಗುವ ಆರೋಗ್ಯ ಮಿತ್ರ ಥರದ ಕೆಲಸಗಳಲ್ಲಿ ಜಾಗ ಇದೆ. ಹೆಚ್ಚಿನವು ಗುತ್ತಿಗೆಯವು. ಸರ್ಕಾರಿ ನೌಕರಿಯೇ ಗುರಿ ಅನ್ನುವುದಾದರೆ ಈ ಕೋರ್ಸು ನೇರ ದಾರಿ ಅಲ್ಲ. ಆದರೆ ಯಾವುದೇ ಡಿಗ್ರಿ ಆದವರು ಬರೆಯಬಹುದಾದ ಪರೀಕ್ಷೆಗಳನ್ನು ಇವಳೂ ಬರೆಯಬಹುದು.

ಡಾಕ್ಟರ್ ಅಲ್ಲದವರಿಗೆ ಬೆಲೆ ಇದೆಯಾ ಅಂದಿರಿ. ಮೊದಲ ವರ್ಷ ಇರುವುದಿಲ್ಲ, ನಿಜ ಹೇಳುತ್ತೇನೆ. ದೊಡ್ಡ ಡಾಕ್ಟರುಗಳು ‘ನಿನಗೇನು ಗೊತ್ತು’ ಅನ್ನುವ ಹಾಗೆ ನೋಡುತ್ತಾರೆ. ನನ್ನನ್ನೂ ಒಬ್ಬ ಸರ್ಜನ್ ಮೀಟಿಂಗಿನಲ್ಲೇ ಬೈದು ಕೂರಿಸಿದ್ದರು. ಅವರ ಆಪರೇಷನ್ ಥಿಯೇಟರ್ (ಓಟಿ) ದಿನವೂ ನಲವತ್ತು ನಿಮಿಷ ತಡವಾಗಿ ಶುರುವಾಗುತ್ತಿತ್ತು. ಮೂರು ವಾರ ನಾನು ಬೆಳಗ್ಗೆ ಏಳಕ್ಕೆ ಓಟಿ ಬಾಗಿಲಲ್ಲಿ ನಿಂತು ಬರೆದುಕೊಂಡೆ. ತಡ ಅವರದ್ದಾಗಿರಲಿಲ್ಲ. ರೋಗಿಯನ್ನು ಕರೆತರುವ ಲಿಫ್ಟು ಅದೇ ಹೊತ್ತಿಗೆ ತಿಂಡಿಯ ಟ್ರಾಲಿಗಳಿಗೆ ಹೋಗುತ್ತಿತ್ತು. ತಿಂಡಿಯ ಹೊತ್ತನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ಹಾಕಿಸಿದೆ. ಮಾರನೇ ವಾರ ಅವರೇ ನನ್ನ ರೂಮಿಗೆ ಬಂದು ಕೂತು ಕಾಫಿ ಕುಡಿದರು. ಡಾಕ್ಟರ ಕೆಲಸಕ್ಕೆ ತಲೆ ಹಾಕದೆ, ಅವರ ಕೆಲಸ ಸುಸೂತ್ರ ಆಗುವ ಹಾಗೆ ಮಾಡಿದವರಿಗೆ ಎಲ್ಲ ಆಸ್ಪತ್ರೆಯಲ್ಲೂ ಬೆಲೆ ಸಿಗುತ್ತದೆ.

ಈ ಮೂರು ವರ್ಷದಲ್ಲಿ ಅವಳು ಸಿಲಬಸ್ಸಿನ ಹೊರಗೆ ಎರಡು ಕಲಿಯಲಿ. ಒಂದು, ಎಕ್ಸೆಲ್. ಚೆನ್ನಾಗಿ, ಕಣ್ಣು ಮುಚ್ಚಿ ಮಾಡುವಷ್ಟು. ಇನ್ನೊಂದು ಭಾಷೆ. ಇಂಗ್ಲಿಷಿನಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಬರಬೇಕು. ಹಾಗೆಯೇ ‘ಅಡ್ವಾನ್ಸ್ ಕಟ್ಟದೆ ಅಡ್ಮಿಷನ್ ಆಗಲ್ಲ’ ಅನ್ನುವ ಮಾತು ಕಿವಿಗೆ ಬಿದ್ದು ಅಳುತ್ತಿರುವ ಅಜ್ಜಿಯ ಪಕ್ಕ ಕೂತು, ಅವರ ಕಾರ್ಡಿಗೆ ಯಾವ ಯೋಜನೆ ಸಿಗುತ್ತದೆ ಅಂತ ಅವರದ್ದೇ ಮಾತಿನಲ್ಲಿ ಬಿಡಿಸಿ ಹೇಳಲು ಬರಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಕನ್ನಡ ಚೆನ್ನಾಗಿ ಬಲ್ಲವರಿಗಾಗಿ ಹುಡುಕುವುದನ್ನು ನಾನು ಕಂಡಿದ್ದೇನೆ. ಅರಸೀಕೆರೆಯಲ್ಲಿ ಬೆಳೆದದ್ದು ಅವಳಿಗೆ ಇಲ್ಲಿ ಬಲವೇ.

ಯಾರಿಗೆ ಈ ಕೋರ್ಸು ಬೇಡ ಅಂತಲೂ ಹೇಳಬೇಕು. ಜನರ ಸಿಟ್ಟು ತಡೆಯಲಾಗದವರಿಗೆ ಬೇಡ. ಕೂತಲ್ಲೇ ಕೂತು ಕೆಲಸ ಮುಗಿಸಬೇಕು ಅನ್ನುವವರಿಗೆ ಬೇಡ, ಇಲ್ಲಿ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಬೇಕು. ಇನ್ನೂ ಮನಸ್ಸೆಲ್ಲ ಎಂಬಿಬಿಎಸ್ ಮೇಲೇ ಇರುವವರಿಗಂತೂ ಬೇಡವೇ ಬೇಡ. ಅಂಥವರು ಇನ್ನೊಂದು ಸಲ ನೀಟ್ ಬರೆಯುವುದೇ ಒಳ್ಳೆಯದು. ರೋಗಿಯ ಮೈ ಮುಟ್ಟಿ ಆರೈಕೆ ಮಾಡಬೇಕು ಅನ್ನುವ ಆಸೆ ಇದ್ದರೆ ನರ್ಸಿಂಗ್, ಓಟಿ ಟೆಕ್ನಾಲಜಿ ಇವೆ.

ಇವಳ ಮನಸ್ಸು ಯಾವ ಕಡೆ ಇದೆ ಅಂತ ತಿಳಿಯಲು ಫೀಸು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸೋಮವಾರ ಬೆಳಗ್ಗೆ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋಗಿ. ಯಾವುದಾದರೂ ದೊಡ್ಡ ಆಸ್ಪತ್ರೆಯ ಒಪಿಡಿಯಲ್ಲಿ, ಜನರಿಗೆ ಅಡ್ಡ ಬರದ ಜಾಗದಲ್ಲಿ, ಎಂಟರಿಂದ ಹನ್ನೆರಡರವರೆಗೆ ಕೂರಿಸಿ. ಕೈಗೆ ಒಂದು ನೋಟ್‌ಬುಕ್ ಕೊಡಿ. ಚೀಟಿ ಮಾಡಿಸುವ ಸಾಲು ಎಷ್ಟು ಉದ್ದ ಇದೆ, ಯಾವ ಹೊತ್ತಿಗೆ ಬೆಳೆಯುತ್ತದೆ, ಜನ ಎಲ್ಲಿ ದಾರಿ ತಪ್ಪುತ್ತಾರೆ, ಯಾವ ಬೋರ್ಡು ಕಾಣುವುದಿಲ್ಲ, ವೀಲ್‌ಚೇರ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಬರೆದುಕೊಳ್ಳಲಿ. ಯಾರ ಹೆಸರೂ ಬರೆಯುವುದು ಬೇಡ, ಫೋಟೊ ಅಂತೂ ಬೇಡವೇ ಬೇಡ. ಹೊರಗೆ ಬಂದು ಬಸ್ ಹತ್ತಿದ ಮೇಲೆ ಆ ಪುಟಗಳನ್ನು ಓದಿಸಿ ಕೇಳಿ. ‘ಇಲ್ಲಿ ಹೀಗೆ ಮಾಡಿದ್ದರೆ ಅಷ್ಟು ಜನ ನಿಲ್ಲಬೇಕಾಗಿರಲಿಲ್ಲಮ್ಮ’ ಅಂತ ಅವಳೇ ಶುರು ಮಾಡಿದರೆ, ಮಾರನೇ ದಿನವೇ ಅರ್ಜಿ ಹಾಕಿ.